ಗಾಜಿನ ಒಲೆ ಮೇಲೆ ಜೋಳದ ರೊಟ್ಟಿ: ನನ್ನ ಅನುಭವ

"ಗಾಜಿನ ಮ್ಯಾಲ ರೊಟ್ಟಿ ಆಗಂಗಿಲ್ಲವ್ವಾ, ಸುಮ್ನ ರೊಕ್ಕ ಹಾಳು ಮಾಡಬ್ಯಾಡ" ಅಂದಿದ್ದರು ನಮ್ಮ ಅತ್ತೆ. ಈಗ ರಾಯಚೂರಿನ ನಮ್ಮ ಮನೆಯಲ್ಲಿ ದಿನಾ ಮೂವತ್ತು ರೊಟ್ಟಿ ಅದರ ಮೇಲೇ ಬೇಯುತ್ತವೆ. ಎರಡು ವರ್ಷವಾಯಿತು. ಗಾಜಿನ ಮೇಲೆ ಒಂದೇ ಒಂದು ಗುಳಿ ಇದೆ, ಆ ಕಥೆ ಆಮೇಲೆ.

ಇದು ಇಂಡಕ್ಷನ್ ಅಲ್ಲ, ಇನ್ಫ್ರಾರೆಡ್ ಒಲೆ. ಗಾಜಿನ ಕೆಳಗೆ ಸುರುಳಿ ಕೆಂಪಗೆ ಕಾಯುತ್ತದಲ್ಲ, ಅದು. 2000 ವ್ಯಾಟ್. ನಾನು ತಂದದ್ದು ಫ್ಯಾನಿನ ಆಸೆಗೆ. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಗ್ಯಾಸ್ ಹಚ್ಚಿ ಫ್ಯಾನ್ ಹಾಕಿದರೆ ಉರಿ ನಿಲ್ಲುವುದಿಲ್ಲ. ಇಲ್ಲಿ ಉರಿಯೇ ಇಲ್ಲ, ಗಾಳಿ ಹಾಕಿಕೊಂಡೇ ರೊಟ್ಟಿ ಬಡಿಯಬಹುದು.

ಮೊದಲು ಹಳೇ ಹಂಚನ್ನೇ ಇಟ್ಟೆ. ಅದರ ತಳ ಸ್ವಲ್ಪ ಉಬ್ಬು. ನಡುವೆ ಕರಕಲು, ಅಂಚು ಹಸಿ. ಆಮೇಲೆ ತೆಳ್ಳನೆಯ ಸಪಾಟು ತವಾ ತಂದೆ. ಸುರುಳಿ ಹತ್ತಿ ಆರಿ, ಹತ್ತಿ ಆರಿ ಮಾಡುತ್ತದೆ ಅಲ್ವಾ? ಆರಿದಾಗೆಲ್ಲ ತವಾ ತಣ್ಣಗಾಗಿ ರೊಟ್ಟಿ ಚರ್ಮದ ಹಾಗಾಯಿತು. ಮೂರನೇ ಸಲ ಸುಮಾರು ಮೂರು ಕೆಜಿಯ ದಪ್ಪ ಕಬ್ಬಿಣದ ತವಾ. ಅವಸರದಲ್ಲಿ ಇಡುವಾಗ ಅಂಚು ತಾಗಿ ಗಾಜಿನ ಮೂಲೆ ಬಿರುಕು ಬಿಟ್ಟಿತು. ತಕ್ಷಣ ಪ್ಲಗ್ ಕಿತ್ತೆ. ಬಿರುಕಿನಲ್ಲಿ ನೀರು ಇಳಿದರೆ ಕರೆಂಟ್ ಹೊಡೆಯುತ್ತದೆ, ಅದನ್ನು ಮತ್ತೆ ಹಚ್ಚಲೇಬಾರದು. ಗಾಜಿಗೆ ವಾರಂಟಿ ಇಲ್ಲ ಅಂದರು. ಮೂರು ಸಾವಿರ ಹೋಯಿತು, ಇನ್ನೊಂದಕ್ಕೆ ಮತ್ತೆ ಮೂರು ಸಾವಿರ.

ಆದರೆ ಬಿಡಲಿಲ್ಲ. ಅದೇ ದಪ್ಪ ತವಾದ ತಳವನ್ನು ಲೇಥ್ ಅಂಗಡಿಯಲ್ಲಿ ಸಪಾಟು ಹೊಡೆಸಿದೆ, ನೂರೈವತ್ತೋ ಇನ್ನೂರೋ ತೆಗೆದುಕೊಂಡರು. ನೆಲದ ಟೈಲ್ಸ್ ಮೇಲಿಟ್ಟರೆ ಅಲ್ಲಾಡಬಾರದು, ಅಷ್ಟು ಸಪಾಟು ಬೇಕು. ಜೋರಿನಲ್ಲಿ ಎಂಟು ನಿಮಿಷ ಕಾಯಿಸಿ ಆಮೇಲೆ ಕಾವು ಇಳಿಸುತ್ತೇನೆ. ನೀರು ಸವರಿ, ತಿರುವಿ, ಬಟ್ಟೆಯಿಂದ ಅಂಚು ಒತ್ತಿದರೆ ಪೂರಿಯ ಹಾಗೆ ಉಬ್ಬುತ್ತದೆ. ಎಷ್ಟಕ್ಕೆ ಇಳಿಸುತ್ತೇನೆ, ಎಸರಿಗೆ ಏನು ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಮೂವತ್ತು ರೊಟ್ಟಿಗೆ ಮೀಟರ್ ನೋಡಿದ್ದೇನೆ, ಒಂದೂಕಾಲು ಯೂನಿಟ್. ಗ್ಯಾಸಿಗೂ ಹೆಚ್ಚುಕಡಿಮೆ ಅಷ್ಟೇ ದುಡ್ಡು ಬೀಳುತ್ತದೆ. ಉಳಿತಾಯಕ್ಕೆ ಅಂತ ತರಬೇಡಿ. ಬೇಸಿಗೆಯಲ್ಲಿ ಕೂಲರ್ ಜೊತೆ ಸೇರಿ ಗೃಹಜ್ಯೋತಿಯ 200 ಯೂನಿಟ್ ದಾಟಿತು, ಆ ತಿಂಗಳು ಪೂರ್ತಿ ಬಿಲ್ ಕಟ್ಟಿದೆ.

ಈಗ ಆ ಗುಳಿ. ಪಂಚಮಿಗೆ ಶೇಂಗಾ ಉಂಡೆ ಮಾಡುವಾಗ ಬೆಲ್ಲದ ಪಾಕ ಉಕ್ಕಿತು. ಆರಲಿ, ಆಮೇಲೆ ಒರೆಸೋಣ ಅಂದುಕೊಂಡೆ. ಆರಿದ ಪಾಕ ಏಳುವಾಗ ಗಾಜಿನ ಚೂರನ್ನೂ ಎಬ್ಬಿಸಿಕೊಂಡು ಬಂತು. ಬೇರೆ ಕಲೆಗೆಲ್ಲ ಗಾಜು ತಣ್ಣಗಾಗಲಿ, ಸಕ್ಕರೆ ಬೆಲ್ಲ ಮಾತ್ರ ಬಿಸಿ ಇರುವಾಗಲೇ ಹೆರೆಯಬೇಕು. ಒಲೆ ಆರಿಸಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಹಿಡಿಯಿರುವ ಬ್ಲೇಡನ್ನು ಓರೆಯಾಗಿ ಮಲಗಿಸಿ ತಳ್ಳಿ.

ಬೂದಿ, ತಂತಿ ನಾರು ಹತ್ತಿರವೂ ಬೇಡ. ತವಾ ಎಳೆಯಬೇಡಿ, ಎತ್ತಿಡಿ. ಕೆಳಗೆ ಒಂದು ಮರಳಿನ ಹರಳಿದ್ದರೂ ಗೀರು ಬೀಳುತ್ತದೆ. ಅಲ್ಯೂಮಿನಿಯಂ ಪಾತ್ರೆ ಇಟ್ಟು ನೋಡಿದೆ, ಬೂದು ಗೆರೆ ಉಳಿಸಿತು. ಅಡುಗೆ ಸೋಡಾ ಕಲಸಿ ಉಜ್ಜಿದಾಗ ಮುಕ್ಕಾಲು ಹೋಯಿತು. ನಮ್ಮ ಬೋರ್ ನೀರಿನ ಬಿಳಿ ಕಲೆಗೆ ನಿಂಬೆಹಣ್ಣು ಸಾಕು.

ಒಲೆ ಆರಿಸಿದ ಮೇಲೂ ತವಾ ಹದಿನೈದು ನಿಮಿಷ ಬಿಸಿ ಇರುತ್ತದೆ. ಕೊನೆಯ ಐದಾರು ರೊಟ್ಟಿ ಅಲ್ಲೇ ಬಿಟ್ಟರೆ ಖಡಕ್ ಆಗುತ್ತವೆ, ಅದಕ್ಕೆ ಬೇರೆ ಕರೆಂಟ್ ಬೇಡ. ಸಜ್ಜೆ ರೊಟ್ಟಿಗೆ ಮಾತ್ರ ಇನ್ನೂ ಹದ ಸಿಕ್ಕಿಲ್ಲ. ಎಳ್ಳು ಉದುರಿ ಗಾಜಿನ ಮೇಲೆ ಸೀಯುತ್ತಿದೆ. ಸಂಕ್ರಾಂತಿಯೊಳಗೆ ಅದನ್ನೂ ಹಿಡಿಯುತ್ತೇನೆ.