ಅಜ್ಜ-ಅಜ್ಜಿಯನ್ನು ಪಕ್ಕಪಕ್ಕ ಕೂರಿಸಿದ್ದು

ನಮ್ಮ ಅವ್ವನ ಅಪ್ಪ-ಅವ್ವ ಇಬ್ಬರೂ ಜೊತೆಗಿರುವ ಒಂದೇ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿ ಇರಲಿಲ್ಲ. ಅಜ್ಜ ತೀರಿಕೊಂಡದ್ದು 1973ರಲ್ಲಿ. ಅವ್ವನಿಗೆ ಆಗ ಒಂಬತ್ತು ವರ್ಷ. 2024ರ ಆಗಸ್ಟಿಗೆ ಅವಳಿಗೆ ಅರವತ್ತು ತುಂಬುವುದಿತ್ತು. ಸೀರೆ ಕೊಟ್ಟರೂ ಬಂಗಾರ ಕೊಟ್ಟರೂ "ಯಾಕ ಸುಮ್ನ ರೊಕ್ಕ ಹಾಳು ಮಾಡ್ತಿ" ಅಂತ ಟ್ರಂಕಿನಲ್ಲಿ ಎತ್ತಿಡುವವಳು ಅವಳು. ಅದಕ್ಕೇ ಅವಳ ಅಪ್ಪ-ಅವ್ವನನ್ನು ಪಕ್ಕಪಕ್ಕ ಕೂರಿಸಿ ಎಣ್ಣೆ ಬಣ್ಣದಲ್ಲಿ ಒಂದು ಚಿತ್ರ ಬರೆದುಕೊಡೋಣ ಅಂತ ಜನವರಿಯಲ್ಲೇ ತೀರ್ಮಾನ ಮಾಡಿದೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮಕ್ಕಳಿಗೆ ಮುಖ ಬರೆಯುವುದು ಕಲಿಸಿ ಹದಿನೈದು ವರ್ಷ ಆಗಿದೆ. ಆದರೂ ನಮ್ಮವರ ಮುಖ ಬರೆಯುವಾಗ ಕೈ ಬೇರೆ ಥರಾನೇ ನಡುಗುತ್ತದೆ.

ಕೈಯಲ್ಲಿದ್ದದ್ದು ಎರಡೇ ಫೋಟೋ. ಒಂದು 1971ರದ್ದು. ಅಜ್ಜ ಪ್ರೈಮರಿ ಶಾಲೆಯ ಮಾಸ್ತರು. ಶಾಲೆಯ ಮುಂದೆ ಎಲ್ಲರೂ ಸೇರಿ ತೆಗೆಸಿಕೊಂಡ ಕಪ್ಪು-ಬಿಳುಪು ಗ್ರೂಪ್ ಫೋಟೋ ಅದು. ಅದರಲ್ಲಿ ಅಜ್ಜನ ಮುಖ ನನ್ನ ಕಿರುಬೆರಳಿನ ಉಗುರಿನಷ್ಟಿದೆ. ಇನ್ನೊಂದು 1994ರದ್ದು, ಚಿಕ್ಕವ್ವನ ಮದುವೆಯ ಕಲರ್ ಫೋಟೋ. ಅಜ್ಜಿಯ ಮುಖ ದೊಡ್ಡದಾಗಿ, ಚೆನ್ನಾಗಿ ಕಾಣುತ್ತದೆ. ಆದರೆ ಫ್ಲ್ಯಾಷ್ ನೇರ ಮುಖಕ್ಕೆ ಹೊಡೆದು ಮೂಗು, ಕೆನ್ನೆ ಎಲ್ಲ ಚಪ್ಪಟೆ.

ಅಜ್ಜನ ಮುಖ ದೊಡ್ಡದು ಮಾಡಲು ಸ್ಕ್ಯಾನ್ ಮಾಡಿಸಿದೆ. ಅಂಗಡಿಯ ಹುಡುಗ ಅದನ್ನು ಯಾವುದೋ ಆ್ಯಪಿಗೆ ಹಾಕಿ ಎರಡೇ ನಿಮಿಷದಲ್ಲಿ ಝಗಮಗ ಅನ್ನುವ ಮುಖ ತೆಗೆದುಕೊಟ್ಟ. ರೆಪ್ಪೆಯ ಕೂದಲು ಸಹ ಎಣಿಸಬಹುದಿತ್ತು. ಖುಷಿಯಿಂದ ಸೋದರಮಾವನಿಗೆ ತೋರಿಸಿದೆ. ಮಾವ ಕನ್ನಡಕ ಏರಿಸಿ ನೋಡಿದರು. "ಯಾರವ್ವ ಇವ್ರು?" ಅಂದರು. ಅಪ್ಪ ತೀರಿಕೊಂಡಾಗ ಅವರಿಗೆ ಹದಿನೈದು ವರ್ಷ. ಅಪ್ಪನ ಮುಖ ನೆಟ್ಟಗೆ ನೆನಪಿರುವುದು ಮನೆಯಲ್ಲಿ ಅವರೊಬ್ಬರಿಗೇ. ಫೋಟೋದಲ್ಲಿ ಇಲ್ಲದ್ದನ್ನು ಆ್ಯಪ್ ತಾನೇ ತುಂಬಿಸುತ್ತದೆ, ಅಲ್ವಾ? ಅದಕ್ಕೆ ಅಜ್ಜ ಗೊತ್ತಿಲ್ಲ. ಹಾಗಾಗಿ ಮಸುಕು ಸ್ಕ್ಯಾನನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಎರಡು ಹೆಜ್ಜೆ ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದರೆ ನೆರಳಿನ ಆಕಾರ ನಿಚ್ಚಳವಾಗಿ ಸಿಗುತ್ತದೆ. ಚಿತ್ರ ಬರೆಯಲು ಬೇಕಾದದ್ದು ಅದೇ.

ಮೊದಲನೇ ಸಲ ದೊಡ್ಡ ತಪ್ಪು ಮಾಡಿದೆ. ಎರಡೂ ಫೋಟೋಗಳನ್ನು ಇದ್ದ ಹಾಗೇ ಅಕ್ಕಪಕ್ಕ ಇಳಿಸಿಬಿಟ್ಟೆ. ಮೂರು ಭಾನುವಾರ ಕೂತು ಬರೆದು, ದೂರ ನಿಂತು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಯಿತು. ನಲವತ್ತರ ಆಸುಪಾಸಿನ ಅಜ್ಜ, ಐವತ್ತಾರರ ಅಜ್ಜಿ. ಗಂಡ-ಹೆಂಡತಿ ಅಲ್ಲ, ತಾಯಿ-ಮಗ ಕೂತ ಹಾಗಿತ್ತು. ಅಷ್ಟೇ ಅಲ್ಲ, 1994ರ ಅಜ್ಜಿಯ ಹಣೆಯ ಮೇಲೆ ಬರೀ ವಿಭೂತಿ. ಕೈಯಲ್ಲಿ ಬಳೆ ಇಲ್ಲ. ಮೂಗಿನಲ್ಲಿ ಮೂಗುತಿಯ ತೂತು ಮಾತ್ರ. ಆ ಅಜ್ಜಿ ಪಕ್ಕದಲ್ಲಿ ಅಜ್ಜನನ್ನು ಕೂರಿಸಿದ್ದೆ ನಾನು.

ಆವತ್ತು ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಿಂತಾಗ ಹೊಳೆಯಿತು. ನಾನು ಎರಡು ಮುಖ ಬರೆಯುತ್ತಿಲ್ಲ, ಒಂದು ದಿನ ಬರೆಯುತ್ತಿದ್ದೇನೆ. ಹಾಗಾದರೆ ಅದು ಯಾವ ವರ್ಷದ ದಿನ? 1972 ಅಂತ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡೆ. ಅಜ್ಜನಿಗೆ ನಲವತ್ತು, ಅಜ್ಜಿಗೆ ಮೂವತ್ತನಾಲ್ಕು. ಆಮೇಲೆ ಯಾವ ಪ್ರಶ್ನೆ ಬಂದರೂ ಆ ಅಂಕಿಯೇ ಉತ್ತರ ಹೇಳಿತು.

ಅಜ್ಜಿಗೆ ಇಪ್ಪತ್ತೆರಡು ವರ್ಷ ಕಡಿಮೆ ಮಾಡಬೇಕಿತ್ತು. ಇದಕ್ಕೆ ಒಂದು ದಾರಿ ಇದೆ. ವಯಸ್ಸಾದರೂ ಎಲುಬು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಎರಡು ಕಣ್ಣಿನ ನಡುವಿನ ಅಂತರ, ಹುಬ್ಬಿನ ಎಲುಬು, ಮೂಗಿನ ದಂಡೆ ಇವನ್ನೆಲ್ಲ 1994ರ ಫೋಟೋದಿಂದಲೇ ತೆಗೆದುಕೊಂಡೆ. ಬದಲಾಗುವುದು ಮೆತ್ತನೆಯ ಭಾಗ. ವಯಸ್ಸಾದಂತೆ ಮೂಗಿನ ತುದಿ ಇಳಿಯುತ್ತದೆ, ಕಿವಿ ಉದ್ದ ಆಗುತ್ತದೆ, ತುಟಿ ತೆಳ್ಳಗಾಗುತ್ತದೆ, ರೆಪ್ಪೆ ಜೋಲುತ್ತದೆ. ಅದನ್ನೆಲ್ಲ ತಿರುವಿ ಹಾಕಿದೆ. ಸುಕ್ಕು ಅಳಿಸಿದರೆ ವಯಸ್ಸು ಇಳಿಯುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಇಸ್ತ್ರಿ ಹೊಡೆದ ಮುದುಕಿಯ ಮುಖ ಬರುತ್ತದೆ, ಅಷ್ಟೇ.

ಚಿಕ್ಕವ್ವನ ಮಗಳಿಗೆ ಈಗ ಇಪ್ಪತ್ತೆಂಟು. ಅಜ್ಜಿಯ ಮುಖವೇ ಬಂದಿದೆ ಅಂತ ಎಲ್ಲರೂ ಹೇಳುತ್ತಾರೆ, ಗದ್ದ ಮಾತ್ರ ಅವರ ಅಪ್ಪನದು. ಅವಳನ್ನು ಎರಡು ಭಾನುವಾರ ಕರೆಸಿದೆ. ಗ್ರೂಪ್ ಫೋಟೋದಲ್ಲಿ ಬಿಸಿಲು ನಮ್ಮ ಎಡಗಡೆಯಿಂದ ಬಿದ್ದಿದೆ. ಟೋಪಿಯ ನೆರಳು ಅಜ್ಜನ ಬಲಹುಬ್ಬಿನ ಮೇಲೆ ಇಲ್ಲ, ಎಡಹುಬ್ಬಿನ ಮೇಲೆ ಮಾತ್ರ ಇದೆ. ಹಾಗಾಗಿ ಅವಳನ್ನೂ ಅದೇ ಬೆಳಕು ಬೀಳುವ ಹಾಗೆ ಕಿಟಕಿ ಪಕ್ಕ ಕೂರಿಸಿ, ತಲೆ ಮೇಲೆ ಸೆರಗು ಹಾಕಿಸಿ, ಹತ್ತಾರು ಸ್ಕೆಚ್ ಮಾಡಿಕೊಂಡೆ. ಎರಡು ಫೋಟೋ ಸೇರಿಸಿ ಬರೆಯುವವರು ಮೊದಲು ನೋಡಬೇಕಾದದ್ದು ಇದೇ. ಬೆಳಕು ಒಂದೇ ಕಡೆಯಿಂದ ಬರದಿದ್ದರೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿದ್ದಾರೆ ಅಂತ ಕಣ್ಣು ನಂಬುವುದೇ ಇಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರ ನೋಡಿದ್ದೀರಲ್ಲ? ರವಿವರ್ಮನದು ಅಂತ ಜನ ಹೇಳುತ್ತಾರೆ. ಬರೆದದ್ದು ಎಸ್.ಎಲ್. ಹಲ್ದಣಕರ್, ಅದೂ ಜಲವರ್ಣದಲ್ಲಿ. ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು. ಒಂದೇ ಒಂದು ದೀಪದ ಬೆಳಕು ಬೆರಳಿನ ಸಂದಿಯಿಂದ ಹಿಡಿದು ಮುಖದವರೆಗೆ ಹೇಗೆ ಹೋಗಿದೆ ಅಂತ ಒಂದು ಸಲ ನಿಂತು ನೋಡಿ.

ಬೆಳಕು ಸರಿಮಾಡಲು ಫೋಟೋವನ್ನೇ ಕನ್ನಡಿಯ ಹಾಗೆ ತಿರುಗಿಸಿಬಿಡುವವರೂ ಇದ್ದಾರೆ. ದಯವಿಟ್ಟು ಬೇಡ. ಮೂಗುತಿ ಆ ಕಡೆ ಹೋಗುತ್ತದೆ, ಅಂಗಿಯ ಗುಂಡಿ ತಿರುವುಮುರುವಾಗುತ್ತದೆ. ಮನೆಯವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನಂತ ಹೇಳಲು ಬರುವುದಿಲ್ಲ.

ಇನ್ನು ಬಣ್ಣ. 1972ರಲ್ಲಿ ಅಜ್ಜಿ ಯಾವ ಸೀರೆ ಉಡುತ್ತಿದ್ದಳು? ಅವ್ವನನ್ನು ಕೇಳುವ ಹಾಗಿಲ್ಲ, ಗುಟ್ಟು ರಟ್ಟಾಗುತ್ತದೆ. ಆಗ ನೆನಪಾದದ್ದು ಕೌದಿ. ಅಜ್ಜಿಯ ಹಳೇ ಸೀರೆಗಳನ್ನೆಲ್ಲ ಕತ್ತರಿಸಿ ಹೊಲಿದ ಕೌದಿ ಅವ್ವನ ಹತ್ತಿರ ಇನ್ನೂ ಇದೆ. ಒಗೆದುಕೊಡುತ್ತೇನೆ ಅಂತ ತಂದುಕೊಂಡೆ. ಮೇಲೆಲ್ಲ ಬಣ್ಣ ಹೋಗಿ ಇಟ್ಟಿಗೆ ಪುಡಿಯಂತಾಗಿತ್ತು. ಒಂದು ತುಂಡಿನ ಅಂಚಿನಲ್ಲಿ ಮೆಲ್ಲಗೆ ಸೂಜಿ ತೂರಿಸಿ ನಾಲ್ಕು ಹೊಲಿಗೆ ಬಿಚ್ಚಿದೆ. ಒಳಗೆ ಮಡಚಿದ್ದ ಅರ್ಧ ಬೆರಳಿನಷ್ಟು ಬಟ್ಟೆ ಐವತ್ತು ವರ್ಷ ಬಿಸಿಲೇ ಕಂಡಿರಲಿಲ್ಲ. ದಾಳಿಂಬೆ ಕೆಂಪು! ಇಳಕಲ್ಲಿನದೇ ಸೀರೆ, ದಡಿಯ ಹಳದಿ ಎಳೆ ಕೂಡ ಹಾಗೇ ಇತ್ತು. ಆ ಬಟ್ಟೆಯ ಪಕ್ಕದಲ್ಲೇ ಬಣ್ಣ ಕಲಸಿ ಹೊಂದಿಸಿಕೊಂಡೆ. ಆಮೇಲೆ ಅದೇ ತೂತುಗಳಲ್ಲೇ ದಾರ ಹಾಯಿಸಿ ಹೊಲಿದುಬಿಟ್ಟೆ. ಸೆರಗಿಗೆ ಇಳಕಲ್ಲಿನ ತೋಪು ತೆನೆ, ಕುಬಸಕ್ಕೆ ಗುಳೇದಗುಡ್ಡದ ಖಣ. ತಲೆ ಮೇಲಿನ ಸೆರಗಿನ ಕೆಂಪು ಕೆನ್ನೆಯ ನೆರಳಿನ ಭಾಗಕ್ಕೂ ಒಂಚೂರು ಬೀಳುತ್ತದೆ. ಕೆನ್ನೆಗೆ ಆ ಕೆಂಪು ತಾಗಿಸಿದ ಮೇಲೆಯೇ ಅಜ್ಜಿ ಸೀರೆಯ ಒಳಗೆ ಕೂತಳು.

ಕೆಲಸದ ಕ್ರಮ ಹೊಸದೇನಲ್ಲ. 18 ಇಂಚು ಎತ್ತರ, 24 ಇಂಚು ಅಗಲದ ಕ್ಯಾನ್ವಾಸ್. ಮುಖಗಳು ನಿಜವಾದ ಮುಖಕ್ಕಿಂತ ತುಸು ಸಣ್ಣವೇ ಇರಲಿ, ದೊಡ್ಡದಾದರೆ ಕಟೌಟ್ ಥರ ಕಾಣುತ್ತದೆ. ಚೌಕ ಹಾಕಿ ರೇಖೆ ಇಳಿಸಿದೆ. ಮೊದಲು ಬರ್ನ್ಟ್ ಅಂಬರ್ ಅನ್ನುವ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಬರೀ ನೆರಳು-ಬೆಳಕು ಬರೆದೆ. ಮೇಲಿನ ಪದರಗಳಿಗೆ ಹೋದಂತೆ ಅಗಸೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಮುಂದೆ ಬಿರುಕು ಬಿಡುತ್ತದೆ. ಮೈಬಣ್ಣಕ್ಕೆ ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಟೈಟಾನಿಯಂ ಬಿಳಿ. ನೆರಳಿಗೆ ಕಪ್ಪು ಹಾಕದೆ ಅಲ್ಟ್ರಾಮರೀನ್ ನೀಲಿ ಹಾಕಿದೆ.

ನೋಡಿದವರೆಲ್ಲ "ಸ್ವಲ್ಪ ಬೆಳ್ಳಗೆ ಮಾಡು" ಅಂದರು. ನಾನು ಒಪ್ಪಲಿಲ್ಲ. ಅಜ್ಜ ಊರಿಂದೂರಿಗೆ ಸೈಕಲ್ ತುಳಿದು ಪಾಠ ಹೇಳಿದವರು. ಅವರ ಮೈಬಣ್ಣ ಎರೆ ಮಣ್ಣಿನದು. ಬಿಳಿ ಜಾಸ್ತಿ ಕಲಸಿದರೆ ಬೆಳ್ಳಗಾಗುವುದಿಲ್ಲ, ಸುಣ್ಣ ಬಳಿದಂತಾಗುತ್ತದೆ. ಕಪ್ಪು ಮೈಯಲ್ಲಿ ಹಣೆಯ ಮೇಲೆ ಆಕಾಶದ ನೀಲಿ ಹೊಳೆಯುತ್ತದೆ. ಅದನ್ನು ಬರೆಯುವ ಖುಷಿಯೇ ಬೇರೆ.

ಮಾವ ಎರಡು ವಾರಕ್ಕೊಮ್ಮೆ ಬಂದು ಸ್ಟೂಲ್ ಮೇಲೆ ಕೂತು ನೋಡುತ್ತಿದ್ದರು. ಹೇಗಿದೆ ಅಂತ ನಾನು ಕೇಳುತ್ತಿರಲಿಲ್ಲ. ಕೇಳಿದರೆ ಚಲೋ ಐತಿ ಅಂದುಬಿಡುತ್ತಾರೆ. "ಟೋಪಿ ಹೆಂಗ ಹಾಕ್ತಿದ್ರು? ಸಿಟ್ಟು ಬಂದ್ರ ತುಟಿ ಹೆಂಗ ಮಾಡ್ತಿದ್ರು?" ಅಂತ ಕೇಳುತ್ತಿದ್ದೆ. ಗಾಂಧಿ ಟೋಪಿ ಒಂದು ಬೆರಳು ಎಡಕ್ಕೆ ವಾಲಿರುತ್ತಿತ್ತಂತೆ. ಎಡಗಿವಿ ಬಲಗಿವಿಗಿಂತ ಹೊರಗೆ ಚಾಚಿತ್ತಂತೆ. ಫೋಟೋದಲ್ಲಿ ಆ ಕಿವಿ ನೆರಳಿನಲ್ಲಿ ಕರಗಿಹೋಗಿದೆ. ಕಿವಿಯನ್ನು ಒಂದು ದಾರದಷ್ಟು ಹೊರಗೆ ಎಳೆದೆ. ಮಾವ ಸ್ಟೂಲಿನಿಂದ ಎದ್ದು ನಿಂತರು. ಏನೂ ಹೇಳಲಿಲ್ಲ, ಹೊರಗೆ ಹೋಗಿ ಸ್ವಲ್ಪ ಹೊತ್ತು ಕಟ್ಟೆ ಮೇಲೆ ಕೂತರು.

ಅಜ್ಜಿಯ ಹಣೆಯ ಕುಂಕುಮ ಎಲ್ಲಕ್ಕಿಂತ ಕೊನೆಗೆ ಇಟ್ಟೆ. ಕುಂಚದಿಂದ ಬರಲಿಲ್ಲ. ಉಂಗುರ ಬೆರಳಿನಿಂದಲೇ ಇಟ್ಟೆ.

ಮೇ ಕೊನೆಗೆ ಮುಗಿಯಿತು. ಎರಡು ತಿಂಗಳು ಗಾಳಿಯಾಡುವ ಕಡೆ ಒಣಗಲು ಬಿಟ್ಟೆ. ಎಣ್ಣೆ ಬಣ್ಣದ ಚಿತ್ರಕ್ಕೆ ಸಾಮಾನ್ಯವಾಗಿ ಗಾಜು ಹಾಕುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಹಿರಿಯರ ಫೋಟೋ ಅಂದರೆ ಹಬ್ಬಹಬ್ಬಕ್ಕೆ ವಿಭೂತಿ, ಕುಂಕುಮ, ಊದಿನಕಡ್ಡಿಯ ಹೊಗೆ ಇದ್ದದ್ದೇ. ಬೇಡ ಅನ್ನಲು ನನಗೆ ಮನಸ್ಸಿಲ್ಲ. ಫ್ರೇಮಿನವರಿಗೆ ಹೇಳಿ, ಗಾಜು ಬಣ್ಣಕ್ಕೆ ತಾಗದ ಹಾಗೆ ಒಳಗೆ ಸುತ್ತಲೂ ತೆಳು ಕಟ್ಟಿಗೆ ಪಟ್ಟಿ ಕೊಡಿಸಿದೆ. ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು ಕಾಯಬೇಕು. ಅದನ್ನು ದೀಪಾವಳಿ ಕಳೆದ ಮೇಲೆ ಗಾಜು ಬಿಚ್ಚಿ ಹಚ್ಚಿದೆ.

ಹುಟ್ಟಿದ ದಿನ ಬೆಳಿಗ್ಗೆ ಅವ್ವ ಪೂಜೆ ಮುಗಿಸಿ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಇಟ್ಟಿದ್ದೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದವಳು ಅಲ್ಲೇ ನೆಲದ ಮೇಲೆ ಕೂತಳು. ಬಹಳ ಹೊತ್ತು ನೋಡಿದಳು.

"ಯಾವಾಗಿಂದಿದು?"

"ಎಪ್ಪತ್ತೆರಡು, ಅವ್ವ."

"ಎಪ್ಪತ್ತೆರಡಂದ್ರ ನಾ ಎಂಟು ವರ್ಷದಾಕಿ" ಅಂದಳು. ಗಾಜಿನ ಮೇಲೆ ಬೆರಳಿಟ್ಟು, ಚಿತ್ರದ ಹೊರಗೆ, ಅಜ್ಜಿಯ ಬದಿಯ ಫ್ರೇಮನ್ನು ಮುಟ್ಟಿದಳು. "ಇಲ್ಲೇ ಎಲ್ಲ್ಯರ ಆಡಾಕತ್ತಿರಬೇಕು ನಾ."