ಬೇರಿಂಗ್ ಗೋಡೆಯಲ್ಲ: ಶಾಫ್ಟ್ ಅನಾಲಿಸಿಸ್‌ನಲ್ಲಿ ನನ್ನ ಅನುಭವ

ಗೇರ್ ಕೂತ ಒಂದು ಶಾಫ್ಟಿನ ಕಂಪ್ಯೂಟರ್ ಮಾಡೆಲ್‌ಗೆ ಭಾರ ಹಾಕಿ, ಎಲ್ಲಿ ಎಷ್ಟು ಸ್ಟ್ರೆಸ್ (ಒಳಗಿನ ಒತ್ತಡ) ಬರುತ್ತದೆ ಅಂತ ಬಣ್ಣಗಳಲ್ಲಿ ನೋಡುತ್ತಿದ್ದೆ. ಶಾಫ್ಟನ್ನು ಮುಂದಿನ ಯಂತ್ರಕ್ಕೆ ಜೋಡಿಸುವ ಕಪ್ಲಿಂಗ್ ಕಡೆಯ ಕೀವೇ, ಅಂದರೆ ಕೀ ಕೂರುವ ತೋಡು, ಪೂರ್ತಿ ನೀಲಿಯಾಗಿತ್ತು. ಅಂದರೆ ಅಲ್ಲಿ ಸ್ಟ್ರೆಸ್ ಇಲ್ಲವೇ ಇಲ್ಲ. ನಾನು ಅದನ್ನು ಒಳ್ಳೆಯ ಸುದ್ದಿ ಅಂದುಕೊಂಡಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಸ್ಕ್ರೀನ್ ನೋಡಿ ಒಂದೇ ಮಾತು ಕೇಳಿದರು: "ಗೇರ್‌ನಿಂದ ಬಂದ ಟಾರ್ಕ್ ಎಲ್ಲಿ ಹೋಯ್ತು?"

ಟಾರ್ಕ್, ಅಂದರೆ ತಿರುಗಿಸುವ ಬಲ, ಬೇರಿಂಗ್‌ನಲ್ಲೇ ನಿಂತುಹೋಗಿತ್ತು. ಆಗ ನಾನು ಎರಡೂ ಬೇರಿಂಗ್ ಕೂರುವ ಮೇಲ್ಮೈಗಳಿಗೆ ಫಿಕ್ಸೆಡ್ ಸಪೋರ್ಟ್ (ಯಾವ ದಿಕ್ಕಿಗೂ ಅಲುಗಲು ಬಿಡದ ಆಧಾರ) ಕೊಡುತ್ತಿದ್ದೆ. ಸಾಫ್ಟ್‌ವೇರ್ ದೂರಲಿಲ್ಲ, ಬಣ್ಣಬಣ್ಣದ ಚಿತ್ರವೂ ಬಂತು. ಆದರೆ ತಿರುಗಲೆಂದೇ ಇರುವ ಶಾಫ್ಟನ್ನು ನಾನು ಎರಡು ಗೋಡೆಗಳ ನಡುವೆ ಬೆಸುಗೆ ಹಾಕಿ ನಿಲ್ಲಿಸಿದ್ದೆ.

ತಪ್ಪು ಎಷ್ಟು ದೊಡ್ಡದು ಅಂತ ಗೊತ್ತಾಗಲು ಒಂದು ಸರಳ ಶಾಫ್ಟ್ ಮಾಡಿಕೊಂಡೆ. ವ್ಯಾಸ 40 ಮಿ.ಮೀ., ಉಕ್ಕು, ಬೇರಿಂಗ್‌ಗಳ ಮಧ್ಯಬಿಂದುಗಳ ನಡುವೆ 400 ಮಿ.ಮೀ., ನಟ್ಟನಡುವೆ 2000 ನ್ಯೂಟನ್ ಭಾರ. ಎರಡೂ ತುದಿಯಲ್ಲಿ ಸರಳ ಆಧಾರ (ಹೊರುತ್ತದೆ, ಆದರೆ ವಾಲಲು ಬಿಡುತ್ತದೆ) ಇದ್ದರೆ ಕೈಲೆಕ್ಕದ ಪ್ರಕಾರ ನಡುವೆ 0.101 ಮಿ.ಮೀ. ಬಾಗಬೇಕು, ಸ್ಟ್ರೆಸ್ ಸುಮಾರು 32 ಮೆಗಾ ಪಾಸ್ಕಲ್ ಬರಬೇಕು. ಎರಡೂ ತುದಿ ಬಿಗಿದರೆ ಬಾಗುವುದು ಅದರ ಕಾಲು ಭಾಗ, ಸ್ಟ್ರೆಸ್ ಅರ್ಧ. ನನ್ನ ಫಿಕ್ಸೆಡ್ ಮಾಡೆಲ್ ಈ ಎರಡನೆಯ ಉತ್ತರದ ಪಕ್ಕದಲ್ಲೇ ಕೂತಿತ್ತು. ಸಹಜ ಕಂಪನದ ಲೆಕ್ಕ ಇನ್ನೂ ಅಪಾಯದ್ದು. ಬರೀ ಶಾಫ್ಟಿಗೆ ಸರಳ ಆಧಾರದಲ್ಲಿ ಮೊದಲ ಕಂಪನ 508 ಹರ್ಟ್ಜ್, ಬಿಗಿದರೆ 1151. ಕ್ರಿಟಿಕಲ್ ಸ್ಪೀಡ್, ಅಂದರೆ ಶಾಫ್ಟ್ ಜೋರಾಗಿ ಕಂಪಿಸತೊಡಗುವ ವೇಗ, ತುಂಬಾ ದೂರ ಇದೆ ಅಂತ ಧೈರ್ಯವಾಗಿ ಬರೆದುಕೊಟ್ಟುಬಿಡುತ್ತಿದ್ದೆ.

ಮೊದಲು ಹೊಳೆದ ಪರಿಹಾರ ಸಿಲಿಂಡ್ರಿಕಲ್ ಸಪೋರ್ಟ್. ತ್ರಿಜ್ಯದ ದಿಕ್ಕು ಮಾತ್ರ ಹಿಡಿ, ಉಳಿದ ಎರಡನ್ನು (ಉದ್ದಕ್ಕೆ ಜಾರುವುದು, ಸುತ್ತ ತಿರುಗುವುದು) ಬಿಡು. ಕೇಳಲು ಬೇರಿಂಗ್ ಮಾಡುವ ಕೆಲಸವೇ, ಅಲ್ವಾ? ರನ್ ಮಾಡಿದೆ. ಬಾಗಿದ್ದು 0.03 ಮಿ.ಮೀ. ಆಸುಪಾಸಿಗೆ ಬಂತು, ಅಷ್ಟೇ. 0.1 ಎಲ್ಲಿ?

ಇಲ್ಲಿ ನಾನು ಅರ್ಧ ದಿನ ಕೂತೆ. ಕೊನೆಗೆ ಕಾಗದದ ಮೇಲೆ ಬರೆದು ನೋಡಿದಾಗ ಅರ್ಥವಾಯಿತು. ಬೇರಿಂಗ್ ಅಗಲ 18 ಮಿ.ಮೀ. ಆ ಅಗಲದುದ್ದಕ್ಕೂ ಪ್ರತಿ ಬಿಂದುವನ್ನೂ ತ್ರಿಜ್ಯದ ದಿಕ್ಕಿನಲ್ಲಿ ಹಿಡಿದಿದ್ದೇನೆ. ಶಾಫ್ಟ್ ಅಲ್ಲಿ ಸ್ವಲ್ಪ ವಾಲಬೇಕಾದರೆ ಒಂದು ಅಂಚು ಮೇಲೇಳಬೇಕು, ಇನ್ನೊಂದು ಕೆಳಗಿಳಿಯಬೇಕು. ಎರಡಕ್ಕೂ ಅವಕಾಶವೇ ಇಲ್ಲ. ಹೆಸರು ಸಿಲಿಂಡ್ರಿಕಲ್ ಸಪೋರ್ಟ್ ಆದರೂ ಬಾಗುವ ವಿಷಯದಲ್ಲಿ ಅದು ಹೆಚ್ಚುಕಡಿಮೆ ಗೋಡೆಯೇ. ನಿಜವಾದ ಬಾಲ್ ಬೇರಿಂಗ್‌ನಲ್ಲಿ ಗುಂಡುಗಳು ಓಡುವುದು ಒಂದೇ ಸಾಲಿನಲ್ಲಿ. ಶಾಫ್ಟ್ ಆ ಸಾಲಿನ ಸುತ್ತ ಕೊಂಚ ವಾಲಿದರೆ ಬೇರಿಂಗ್ ದೊಡ್ಡದಾಗಿ ತಡೆಯುವುದಿಲ್ಲ.

ಅಂದಿನಿಂದ ನಾನು ಬಳಸುವುದು ರಿಮೋಟ್ ಡಿಸ್‌ಪ್ಲೇಸ್‌ಮೆಂಟ್. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಇದನ್ನೇ ಕಪ್ಲಿಂಗ್ ಕನ್‌ಸ್ಟ್ರೇಂಟ್ ಅಥವಾ ಆರ್‌ಬಿಇ ಎಲಿಮೆಂಟ್ ಅಂತ ಕರೆಯುತ್ತಾರೆ. ಬೇರಿಂಗ್ ಕೂರುವ ಮೇಲ್ಮೈಯನ್ನು ಅದರ ಮಧ್ಯದ ಒಂದು ಬಿಂದುವಿಗೆ ಕಟ್ಟುತ್ತೇನೆ, ಆಮೇಲೆ ಆ ಬಿಂದುವನ್ನು ಮಾತ್ರ ಹಿಡಿಯುತ್ತೇನೆ. ಅಡ್ಡ ಮತ್ತು ಲಂಬ ಚಲನೆ ಸೊನ್ನೆ, ವಾಲುವ ಎರಡೂ ತಿರುಗುಗಳು ಮುಕ್ತ. ಹೀಗೆ ಮಾಡಿದಾಗ ಉತ್ತರ 0.103 ಬಂತು. ಕೈಲೆಕ್ಕಕ್ಕಿಂತ ಜಾಸ್ತಿ ಬಂದ ಆ 0.002 ಶಿಯರ್‌ನಿಂದ (ಪಕ್ಕಪಕ್ಕದ ಪದರಗಳು ಒಂದರ ಮೇಲೊಂದು ಜಾರುವುದರಿಂದ) ಬರುವ ಬಾಗು, ಸರಳ ಸೂತ್ರದಲ್ಲಿ ಅದು ಸೇರಿರುವುದಿಲ್ಲ. ಆ ಸಂಖ್ಯೆ ನೋಡಿ ಆದ ಸಮಾಧಾನ ಇಂದಿಗೂ ನೆನಪಿದೆ.

ಬಿಂದುವಿಗೆ ಕಟ್ಟುವಾಗ ರಿಜಿಡ್ (ಮೇಲ್ಮೈಯ ಆಕಾರ ಬದಲಾಗಲು ಬಿಡದ್ದು) ಬೇಕೋ ಡಿಫಾರ್ಮಬಲ್ (ಬದಲಾಗಲು ಬಿಡುವಂಥದ್ದು) ಬೇಕೋ ಅಂತ ಸಾಫ್ಟ್‌ವೇರ್ ಕೇಳುತ್ತದೆ. ಗಟ್ಟಿ ಶಾಫ್ಟಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತೆಳು ಗೋಡೆಯ ಟೊಳ್ಳು ಶಾಫ್ಟಿಗೆ ಕಾಣುತ್ತದೆ, ರಿಜಿಡ್ ಕೊಟ್ಟರೆ ಆ ಜಾಗ ಸುಮ್ನೆ ಗಟ್ಟಿಯಾಗಿಬಿಡುತ್ತದೆ. ನಾನು ಡಿಫಾರ್ಮಬಲ್‌ನಿಂದಲೇ ಶುರುಮಾಡುತ್ತೇನೆ. ಹಾಗೆಯೇ ಮೆನುವಿನಲ್ಲಿ ಬೇರಿಂಗ್ ಲೋಡ್ ಅಂತ ಒಂದಿರುತ್ತದೆ. ಹೆಸರು ನೋಡಿ ಮೋಸಹೋಗಬೇಡಿ, ಅದು ಸಿಲಿಂಡರ್ ಮೇಲ್ಮೈ ಮೇಲೆ ಬಲ ಹಾಕುವುದಕ್ಕೆ, ಆಧಾರ ಕೊಡುವುದಕ್ಕಲ್ಲ.

ಉದ್ದದ ದಿಕ್ಕಿಗೆ ಬರೋಣ. ಒಂದು ಬೇರಿಂಗ್ ಮಾತ್ರ ಶಾಫ್ಟನ್ನು ಉದ್ದಕ್ಕೂ ಹಿಡಿಯಬೇಕು, ಇನ್ನೊಂದು ಜಾರಲು ಬಿಡಬೇಕು. ಒಮ್ಮೆ ನಾನು ಎರಡನ್ನೂ ಹಿಡಿದು ತಾಪಮಾನ 40 ಡಿಗ್ರಿ ಏರಿಸಿದೆ. ಇದೇ 400 ಮಿ.ಮೀ. ಶಾಫ್ಟ್ ಬೆಳೆಯಬೇಕಾದದ್ದು ಸುಮಾರು 0.19 ಮಿ.ಮೀ. ಬೆಳೆಯಲು ಜಾಗವಿಲ್ಲದೆ ಶಾಫ್ಟ್ ತುಂಬ 100 ಮೆಗಾ ಪಾಸ್ಕಲ್ ಒತ್ತಡ ತೋರಿಸಿತು. ನಿಜವಾದ ಭಾರದಿಂದ ಬಂದದ್ದು 32, ನನ್ನ ತಪ್ಪಿನಿಂದ ಬಂದದ್ದು ಅದರ ಮೂರು ಪಟ್ಟು. ಈಗ ಮಾಡೆಲ್ ತೆರೆಯುವ ಮೊದಲೇ ಅಸೆಂಬ್ಲಿ ಡ್ರಾಯಿಂಗ್ ನೋಡುತ್ತೇನೆ. ಯಾವ ಬೇರಿಂಗಿನ ಎರಡೂ ಕಡೆ ಸರ್‌ಕ್ಲಿಪ್ಪೋ (ತಡೆಯುವ ಉಂಗುರ) ಭುಜವೋ (ತಡೆಯುವ ಮೆಟ್ಟಿಲು) ಇದೆ, ಯಾವುದು ಹೌಸಿಂಗ್‌ನಲ್ಲಿ, ಅಂದರೆ ಹೊರಕವಚದಲ್ಲಿ, ಜಾರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ತಿರುಗುವ ದಿಕ್ಕು ಎರಡೂ ಬೇರಿಂಗ್‌ನಲ್ಲಿ ಮುಕ್ತ. ಆದರೆ ಎಲ್ಲೂ ಹಿಡಿಯದಿದ್ದರೆ ಶಾಫ್ಟ್ ಗಿರ್ರನೆ ತಿರುಗಿ ಲೆಕ್ಕ ಬಿಡಿಸುವ ಸಾಲ್ವರ್ ಕೈಚೆಲ್ಲುತ್ತದೆ. ಹಿಡಿಯಬೇಕಾದ ಜಾಗ ಕಪ್ಲಿಂಗ್ ತುದಿ, ಟಾರ್ಕ್ ನಿಜವಾಗಿ ಹೊರಗೆ ಹೋಗುವುದೇ ಅಲ್ಲಿ. ಇದನ್ನು ಸರಿಮಾಡಿದ ದಿನ ಆ ನೀಲಿ ಕೀವೇಯ ಮೂಲೆಯಲ್ಲಿ ಕೆಂಪು ಕಾಣಿಸಿತು. ಡಿಸೈನ್‌ನಲ್ಲಿ ನಿಜಕ್ಕೂ ಯೋಚಿಸಬೇಕಾದ ಜಾಗ ಅದೇ ಆಗಿತ್ತು.

ಇಷ್ಟಾದ ಮೇಲೆ ಬೇರಿಂಗಿನ ಬಿಗಿತ. ಸ್ಟ್ರೆಸ್ ಮಾತ್ರ ಬೇಕಿದ್ದು, ಬೇರಿಂಗ್ ಎರಡೇ ಇದ್ದರೆ ನಾನು ಇದರ ತಂಟೆಗೆ ಹೋಗುವುದಿಲ್ಲ. ಗೇರ್ ಹಲ್ಲು ಕೂಡುವುದು ಎಷ್ಟು ಸರಿಯಿದೆ, ಕಂಪನ ಎಷ್ಟು ಅಂತ ನೋಡಬೇಕಾದರೆ, ಅಥವಾ ಮೂರನೆಯ ಬೇರಿಂಗ್ ಇದ್ದರೆ, ಬಿಂದುವನ್ನು ನೇರ ಹಿಡಿಯದೆ ಸ್ಪ್ರಿಂಗ್ ಮೇಲೆ ಕೂರಿಸುತ್ತೇನೆ. ಈ ಶಾಫ್ಟಿಗೆ ಮಿ.ಮೀ.ಗೆ 1,00,000 ನ್ಯೂಟನ್ ಬಿಗಿತ ಕೊಟ್ಟರೆ ಪ್ರತಿ ಬೇರಿಂಗ್ 0.01 ಮಿ.ಮೀ. ಕೂರುತ್ತದೆ, ಅಂದರೆ ಒಟ್ಟು ಬಾಗಿನ ಹತ್ತನೇ ಒಂದು ಪಾಲು ಜಾಸ್ತಿ. ತೊಡಕು ಏನೆಂದರೆ ಬಾಲ್ ಬೇರಿಂಗಿನ ಬಿಗಿತ ಒಂದೇ ಸಂಖ್ಯೆಯಲ್ಲ. ಭಾರ ಏರಿದಂತೆ ಅದೂ ಏರುತ್ತದೆ, ಭಾರ ಎಂಟು ಪಟ್ಟಾದರೆ ಬಿಗಿತ ಎರಡು ಪಟ್ಟು. ಅದಕ್ಕೇ ಮೊದಲ ರನ್‌ನಲ್ಲಿ ರಿಯಾಕ್ಷನ್ (ಪ್ರತಿ ಬೇರಿಂಗ್ ಹೊರುವ ಭಾರ) ತೆಗೆದುಕೊಂಡು, ಆ ಭಾರಕ್ಕೆ ತಯಾರಕರು ಕೊಡುವ ಬಿಗಿತ ಹಾಕಿ ಮತ್ತೆ ಓಡಿಸುತ್ತೇನೆ. ಆಮೇಲೆ ಅದರ ಅರ್ಧ ಮತ್ತು ಎರಡರಷ್ಟು ಹಾಕಿ ನೋಡುತ್ತೇನೆ. ಉತ್ತರ ಹೆಚ್ಚು ಅಲುಗದಿದ್ದರೆ ನಿಶ್ಚಿಂತೆ. ಅಲುಗಿದರೆ ಹೌಸಿಂಗನ್ನೂ ಮಾಡೆಲ್‌ಗೆ ಸೇರಿಸುವ ಹೊತ್ತು ಬಂತು ಅಂತ ಅರ್ಥ.

ಆಂಗ್ಯುಲರ್ ಕಾಂಟ್ಯಾಕ್ಟ್ ಮತ್ತು ಟೇಪರ್ ರೋಲರ್ ಬೇರಿಂಗ್‌ಗಳಲ್ಲಿ ಬಿಂದುವನ್ನು ಅಗಲದ ಮಧ್ಯದಲ್ಲಿ ಇಡಬೇಡಿ. ಭಾರ ಹೋಗುವ ಗೆರೆ ಓರೆಯಾಗಿ ಶಾಫ್ಟಿನ ನಡುಗೆರೆಯನ್ನು ಬೇರೆಡೆ ಮುಟ್ಟುತ್ತದೆ. ಆ ದೂರ ಕ್ಯಾಟಲಾಗ್‌ನಲ್ಲಿ ಇರುತ್ತದೆ.

ಶಾಫ್ಟನ್ನು ವಾಲಲು ಬಿಟ್ಟದ್ದರಿಂದ ಇನ್ನೊಂದು ಲಾಭವಾಯಿತು. ಬೇರಿಂಗ್ ಬಿಂದುವಿನಲ್ಲಿ ಎಷ್ಟು ವಾಲಿದೆ ಅಂತ ಈಗ ನೇರ ಓದಬಹುದು. ಈ ಶಾಫ್ಟಿನಲ್ಲಿ ಅದು 0.00076 ರೇಡಿಯನ್, ಅಂದರೆ ಡಿಗ್ರಿಯ 60ನೇ ಭಾಗವಾದ ಮಿನಿಟ್ ಲೆಕ್ಕದಲ್ಲಿ 2.6. ಡೀಪ್ ಗ್ರೂವ್ ಬಾಲ್ ಬೇರಿಂಗ್ ತಾಳುವುದು ಒಳಗಿನ ಸಡಿಲ ಮತ್ತು ಭಾರ ನೋಡಿಕೊಂಡು 2ರಿಂದ 10 ಮಿನಿಟ್. ಹಾಗಾಗಿ ಆ ಡಿಸೈನ್‌ಗೆ ಒಳಸಡಿಲ ಸ್ವಲ್ಪ ಜಾಸ್ತಿ ಇರುವ ಬೇರಿಂಗ್ ಆರಿಸಿದೆವು.