ಮೂಗಿನ ಸಣ್ಣ ಶಸ್ತ್ರಚಿಕಿತ್ಸೆ: ಭಯ ಮತ್ತು ನೋವನ್ನು ಎದುರಿಸುವ ಬಗೆ

ಮೂಗಿನ ನಡುಗೋಡೆಯನ್ನು ನೇರಗೊಳಿಸುವ ಅಥವಾ ದುರ್ಮಾಂಸವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಮುನ್ನ ಅನೇಕರನ್ನು ಕಾಡುವುದು ನೋವಿಗಿಂತ ಹೆಚ್ಚಾಗಿ ಉಸಿರುಗಟ್ಟೀತೆಂಬ ಭಯ. ಆದ್ದರಿಂದ ಕೆಲವು ದಿನ ಮೊದಲಿನಿಂದಲೇ, ಮೂಗನ್ನು ಬೆರಳುಗಳಿಂದ ಮೃದುವಾಗಿ ಮುಚ್ಚಿಕೊಂಡು ಬಾಯಿಯಿಂದ ನಿಧಾನವಾಗಿ ಉಸಿರಾಡುವುದನ್ನು ಅಭ್ಯಾಸ ಮಾಡಿ. ಶಸ್ತ್ರಚಿಕಿತ್ಸೆಯ ಬಳಿಕ ರಕ್ತಸ್ರಾವ ತಡೆಯಲು ಮೂಗಿನೊಳಗೆ ಪ್ಯಾಕ್ (ಗಾಜ್ ಬಟ್ಟೆ ಅಥವಾ ಸ್ಪಂಜಿನ ತುಂಡು) ಇಟ್ಟಾಗ ಈ ಅಭ್ಯಾಸವೇ ಕೈಹಿಡಿಯುತ್ತದೆ. ರಕ್ತವನ್ನು ತೆಳುವಾಗಿಸುವ ಮಾತ್ರೆಗಳನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದಿನಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಬೆರೆತಿರುವುದರಿಂದ ಕೆಲ ನಿಮಿಷ ಎದೆ ಡವಡವ ಎನ್ನಬಹುದು, ಮೇಲಿನ ಮುಂಹಲ್ಲುಗಳೂ ಜೋಮು ಹಿಡಿದಂತಾಗಬಹುದು. ಇದು ಮೊದಲೇ ತಿಳಿದಿದ್ದರೆ ಗಾಬರಿ ಅರ್ಧದಷ್ಟು ಇಳಿಯುತ್ತದೆ. ನೋವಾದರೆ ತಲೆ ಅಲುಗಿಸದೆ ಬೆರಳೆತ್ತಿ ಸೂಚಿಸುವುದಾಗಿ ವೈದ್ಯರೊಂದಿಗೆ ಮಾತಾಡಿಕೊಳ್ಳಿ; ಹಲ್ಲುಕಚ್ಚಿ ಸಹಿಸಬೇಕಾದ ಅಗತ್ಯ ಖಂಡಿತ ಇಲ್ಲ.

ನಂತರ ಎಂಜಲು ನುಂಗುವಾಗ ಕಿವಿ ಕಟ್ಟಿದಂತಾಗುವುದು ಪ್ಯಾಕ್‌ನಿಂದಲೇ. ಅದನ್ನು ತೆಗೆಯುವ ಕ್ಷಣ ಕೆಲವರಿಗೆ ಶಸ್ತ್ರಚಿಕಿತ್ಸೆಗಿಂತಲೂ ಕಠಿಣವೆನಿಸುವುದರಿಂದ, ಮುಂಚಿತವಾಗಿ ನೋವಿನ ಮಾತ್ರೆ ಕೊಡುವಿರಾ ಎಂದು ಸಂಕೋಚವಿಲ್ಲದೆ ಕೇಳಿ. ತಲೆಯನ್ನು ಎತ್ತರದಲ್ಲಿಟ್ಟು ಮಲಗಿ, ವೈದ್ಯರು ಹೇಳುವವರೆಗೆ ಸಿಂಬಳ ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಹಸಿ ರಕ್ತ ನಿಲ್ಲದೆ ಹರಿದರೆ, ಜ್ವರ ಬಂದರೆ ಅಥವಾ ಮಾತ್ರೆಗೂ ಬಗ್ಗದೆ ನೋವು ಏರುತ್ತಲೇ ಹೋದರೆ ತಡಮಾಡದೆ ಆಸ್ಪತ್ರೆಗೆ ಕರೆ ಮಾಡಿ.